ವಿಜ್ಞಾನ ಕಾದಂಬರಿಯೋ, ಗಂಭೀರ ಸಾಹಿತ್ಯವೋ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಕಾಲೇಜುಗಳಲ್ಲಿ, ಕಥಾ ಕಮ್ಮಟಗಳಲ್ಲಿ ಮಾತಾಡಲು ಹೋದಾಗ ಈ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಕೆಲವು ಪತ್ರದಲ್ಲಿ ಬಂದವು, ಕೆಲವು ಫೋನಿನಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಬಹುದು. ಬೇಕಾದ್ದನ್ನು ಮಾತ್ರ ಓದಿ.

## ಮೊದಮೊದಲ ಪ್ರಶ್ನೆಗಳು

ಸೈನ್ಸ್ ಫಿಕ್ಷನ್ ಅಂದ್ರ ರಾಕೆಟ್, ರೋಬೋಟ್ ಇರೋ ಕಾದಂಬರಿ, ಹೌದಲ್ರೀ?

ಅಲ್ಲ. ಸಮಂತಾ ಹಾರ್ವಿ ಅವರ 'ಆರ್ಬಿಟಲ್' ಕಾದಂಬರಿಗೆ 2024ರ ಬುಕರ್ ಬಂತು. ಅದು ನಡೆಯುವುದು ಬಾಹ್ಯಾಕಾಶ ನಿಲ್ದಾಣದಲ್ಲಿ. ಆರು ಜನ ಗಗನಯಾತ್ರಿಗಳು, ಒಂದೇ ದಿನಕ್ಕೆ 16 ಸೂರ್ಯೋದಯ. ಆದರೂ ಅದನ್ನು ವಿಜ್ಞಾನ ಕಾದಂಬರಿ ಅನ್ನಲು ಮನಸ್ಸು ಒಪ್ಪುವುದಿಲ್ಲ. ಅಲ್ಲಿರುವುದು ಹೆಚ್ಚುಕಡಿಮೆ ಎಲ್ಲವೂ ಈಗ ನಮ್ಮ ತಲೆಯ ಮೇಲೆ ನಿಜವಾಗಿ ನಡೆಯುತ್ತಿರುವುದೇ.

ಈಗ ಉಲ್ಟಾ ನೋಡಿ. ವಿಜಯಪುರ ಜಿಲ್ಲೆಯಲ್ಲಿ ಬಿಳಿಜೋಳದ ಒಂದು ಹೊಸ ತಳಿ ಬಂದಿದೆ ಎಂದಿಟ್ಟುಕೊಳ್ಳಿ. ಒಮ್ಮೆ ಬಿತ್ತಿದರೆ ಇಪ್ಪತ್ತು ವರ್ಷ ಬೇರು ಸಾಯುವುದಿಲ್ಲ, ಪ್ರತಿ ವರ್ಷ ತೆನೆ ಬಿಡುತ್ತದೆ. ಕಥೆಯಲ್ಲಿ ಒಂದೂ ಯಂತ್ರವಿಲ್ಲ. ಆದರೆ ಕೂರಿಗೆ ಮೂಲೆ ಸೇರುತ್ತದೆ. ಎತ್ತು ಯಾಕೆ ಸಾಕಬೇಕು? ಕಾರಹುಣ್ಣಿಮೆಗೆ ಕರಿ ಹರಿಯುವುದು ಹೇಗೆ? ಹೊಲ ಮಾರಿದರೆ ನೆಲದೊಳಗಿನ ಬೇರು ಯಾರ ಪಾಲಿಗೆ? ಬಿತ್ತುವ, ಹರಗುವ ಕೂಲಿಯನ್ನೇ ನಂಬಿದ ಹೆಣ್ಣುಮಕ್ಕಳು ಎಲ್ಲಿಗೆ ದುಡಿಯಲು ಹೋಗಬೇಕು? ಹೀಗೆ ಲೋಕದ ಒಂದು ನಿಯಮ ಬದಲಿಸಿ, ಅದರ ಪರಿಣಾಮವನ್ನು ಕಾರಣ ಸಮೇತ ಬೆನ್ನುಹತ್ತಿ ಹೋದರೆ ಅದು ವಿಜ್ಞಾನ ಕಾದಂಬರಿ.

ಹಂಗಾರ ಗಂಭೀರ ಸಾಹಿತ್ಯ ಅಂದ್ರ ಯಾವುದು?

ಮುಂದೇನಾಗುತ್ತದೆ ಅನ್ನುವುದಕ್ಕಿಂತ, ಆಗಿದ್ದು ಒಬ್ಬ ಮನುಷ್ಯನ ಒಳಗೆ ಹೇಗೆ ಇಳಿಯಿತು ಎನ್ನುವುದಕ್ಕಾಗಿ ಓದುವ ಬರಹ. ಅಲ್ಲಿ ಭಾಷೆಯೂ ಒಂದು ಪಾತ್ರ. ಕನ್ನಡದಲ್ಲಿ ನವ್ಯರ ಕಾಲದಿಂದ ಈ ಒಳನೋಟಕ್ಕೆ ಜಾಸ್ತಿ ಮರ್ಯಾದೆ ಬಂತು. ಆದರೆ ಇದು ಗುಣಮಟ್ಟದ ಮುದ್ರೆ ಅಂತ ತಿಳಿಯಬೇಡಿ. ಗಂಭೀರವಾಗಿದ್ದೂ ಜೀವ ಇಲ್ಲದ ಕಾದಂಬರಿಗಳು ರಾಶಿ ರಾಶಿ ಇವೆ.

ಪುಷ್ಪಕ ವಿಮಾನ ನಮ್ಮಲ್ಲೇ ಇತ್ತಲ್ಲ? ನಮ್ಮ ಪುರಾಣಗಳೇ ಮೊದಲ ಸೈನ್ಸ್ ಫಿಕ್ಷನ್ ಅಲ್ವಾ?

ಪ್ರತಿ ಊರಿನಲ್ಲೂ ಒಬ್ಬರಾದರೂ ಇದನ್ನು ಕೇಳುತ್ತಾರೆ. ಪುಷ್ಪಕ ವಿಮಾನ ಹಾರುವುದು ದೈವಬಲದಿಂದ. ಅದು ಕೆಟ್ಟರೆ ರಿಪೇರಿ ಮಾಡುವವರು ಯಾರು, ಇನ್ನೊಂದನ್ನು ಕಟ್ಟುವುದು ಹೇಗೆ ಅಂತ ರಾಮಾಯಣ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಅದರ ಕಣ್ಣು ಧರ್ಮದ ಮೇಲೆ, ವಿರಹದ ಮೇಲೆ. ವಿಜ್ಞಾನ ಕಾದಂಬರಿಗೆ ಮಾತ್ರ 'ಹೇಗೆ' ಎನ್ನುವ ಪ್ರಶ್ನೆಯೇ ಉಸಿರು. ಅದಕ್ಕೇ ಅನೇಕರು ಈ ಪ್ರಕಾರವನ್ನು 1818ರ 'ಫ್ರಾಂಕೆನ್‌ಸ್ಟೈನ್'ನಿಂದ ಎಣಿಸುತ್ತಾರೆ. ಅಲ್ಲಿ ಹೆಣಕ್ಕೆ ಜೀವ ಬರುವುದು ವರದಿಂದಲ್ಲ, ಒಬ್ಬ ವಿದ್ಯಾರ್ಥಿಯ ಪ್ರಯೋಗದಿಂದ.

ಇದರ ಜೊತೆಗೇ, ವಿಮಾನ ಕಟ್ಟುವ ಬಗ್ಗೆ ಪ್ರಾಚೀನರು ಬರೆದದ್ದು ಎನ್ನಲಾಗುವ 'ವೈಮಾನಿಕ ಶಾಸ್ತ್ರ'ದ ಮಾತೂ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1974ರಲ್ಲೇ ಅದನ್ನು ಕೂಲಂಕಷವಾಗಿ ಪರಿಶೀಲಿಸಿದರು. ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು, ಬರಹವೂ 1904ಕ್ಕಿಂತ ಹಳೆಯದಲ್ಲ ಎಂದು ಹೇಳಿದರು. ನಮ್ಮ ಪುರಾಣಗಳು ದೊಡ್ಡ ಕಾವ್ಯ. ಅವಕ್ಕೆ ಇಂಜಿನಿಯರಿಂಗ್ ಸರ್ಟಿಫಿಕೇಟ್ ಬೇಕಿಲ್ಲ.

ಇದು ಪರದೇಶದ ಸರಕು ಅಂತಾರ. ನಮ್ಮ ದೇಶದಾಗ ಯಾರ್ ಬರ್ದಾರ?

ಜಗದೀಶಚಂದ್ರ ಬೋಸ್ 1896ರಲ್ಲೇ ಬಂಗಾಳಿಯಲ್ಲಿ ಬರೆದರು. ಸಮುದ್ರದ ಮೇಲೆ ಬರುತ್ತಿದ್ದ ಚಂಡಮಾರುತವನ್ನು ಒಂದು ಬಾಟಲಿ ಕೂದಲೆಣ್ಣೆ ಶಾಂತ ಮಾಡುವ ಕಥೆ ಅದು. ಬರೆದದ್ದು ಕೂದಲೆಣ್ಣೆ ಕಂಪನಿಯೊಂದರ ಕಥಾ ಸ್ಪರ್ಧೆಗೆ. ಎಣ್ಣೆ ಬಿದ್ದಾಗ ನೀರಿನ ಮೇಲ್ಮೈ ಬದಲಾಗುತ್ತದೆ ಎನ್ನುವ ಭೌತಶಾಸ್ತ್ರ ಅದರ ಹಿಂದಿದೆ. 1905ರಲ್ಲಿ ರುಕಿಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್' ಮದರಾಸಿನ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿ ಬಂತು. ಅಲ್ಲಿ ಹೆಂಗಸರು ಬಿಸಿಲಿನ ಶಾಖ ಹಿಡಿದು, ಮೋಡದಿಂದ ನೀರು ಇಳಿಸಿ ದೇಶ ಆಳುತ್ತಾರೆ. ಗಂಡಸರು ಮನೆಯೊಳಗೆ ಪರದೆಯ ಹಿಂದೆ. ಇವತ್ತು ಓದಿದರೂ ಮೈ ಜುಮ್ಮೆನ್ನುತ್ತದೆ.

ಬೆಳಗಾವಿಯವರಿಗೆ ಇನ್ನೂ ಹತ್ತಿರದ ಹೆಸರು ಜಯಂತ ನಾರಳೀಕರ್. ಹುಟ್ಟಿದ್ದು ಪಕ್ಕದ ಕೊಲ್ಹಾಪುರದಲ್ಲಿ. ಖಗೋಳ ವಿಜ್ಞಾನಿಯಾಗಿ ಜಗತ್ತಿಗೆಲ್ಲ ಗೊತ್ತಿದ್ದವರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಥೆ ಕಳಿಸಿದರು. ತಮ್ಮ ಹೆಸರು ನೋಡಿ ತೀರ್ಪುಗಾರರು ವಾಲಬಾರದು ಅಂತ. ಬಹುಮಾನ ಬಂತು. 2021ರಲ್ಲಿ ನಾಶಿಕದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿ ಆಯ್ಕೆಯಾದರು. ಮರಾಠಿ ಓದುಗರು ವಿಜ್ಞಾನ ಕಥೆಯನ್ನು ಸಾಹಿತ್ಯದ ಮನೆಯೊಳಗೆ ಕೂರಿಸಿದ್ದು ಹೀಗೆ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಅವರನ್ನು ಮೊದಲು ನೆನೆಯಬೇಕು. ಈ ಪ್ರಕಾರವನ್ನೇ ಹಿಡಿದು, ಬೇರೆ ಯಾರೂ ಅಷ್ಟಾಗಿ ತಿರುಗಿ ನೋಡದ ಕಾಲದಲ್ಲಿ ಬರೆದರು. ನಮ್ಮ ವಿಮರ್ಶೆ ಅವರ ಕಡೆ ಸಾಕಷ್ಟು ನೋಡಿಲ್ಲ ಅನ್ನುವ ಬೇಸರ ನನಗಿದೆ.

## ಗಡಿಯ ಮೇಲಿನ ಪ್ರಶ್ನೆಗಳು

'ಕರ್ವಾಲೊ' ಯಾವ ಕಡೆ ಬರತೈತಿ?

1980ರಲ್ಲಿ ಬಂದ ತೇಜಸ್ವಿಯವರ ಈ ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ ಇದ್ದಾನೆ, ಹಾರುವ ಓತಿಯೊಂದರ ಹುಡುಕಾಟ ಇದೆ, ಜೀವವಿಕಾಸದ ಮಾತಿದೆ. ಹಾರುವ ಓತಿ ಸುಳ್ಳೂ ಅಲ್ಲ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಪಕ್ಕೆಲುಬಿನ ಮೇಲೆ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಓತಿಗಳನ್ನು ಈಗಲೂ ನೋಡಬಹುದು. ಕಾದಂಬರಿಯ ಓತಿ ಅದಕ್ಕಿಂತ ಅಪರೂಪದ್ದು, ಬಹಳ ಹಿಂದಿನ ಕಾಲದಿಂದ ಉಳಿದು ಬಂದದ್ದು.

ಹಾಗಾದರೆ ಇದು ವಿಜ್ಞಾನ ಕಾದಂಬರಿಯೇ? ನನ್ನ ಮಟ್ಟಿಗೆ ಅಲ್ಲ. ಆ ಓತಿಯಿಂದ ಲೋಕದ ನಡೆ ಬದಲಾಗುವುದಿಲ್ಲ. ಸಂತೆ, ತೋಟ, ಪೊಲೀಸು, ಜೇನು ಎಲ್ಲ ಹಾಗೇ ಇರುತ್ತವೆ. ಬದಲಾಗುವುದು ನೋಡುವ ಕಣ್ಣು. ಓದು ಇಲ್ಲದ ಮಂದಣ್ಣನಲ್ಲಿ ಒಬ್ಬ ಹುಟ್ಟು ಜೀವವಿಜ್ಞಾನಿ ಇದ್ದಾನೆ ಎನ್ನುವುದನ್ನು ನಿರೂಪಕ ಮೆಲ್ಲಗೆ ಒಪ್ಪಿಕೊಳ್ಳುತ್ತಾನಲ್ಲ, ಅಲ್ಲಿ ಕಾದಂಬರಿಯ ಜೀವವಿದೆ. ಇದು ವಿಜ್ಞಾನದ ಮನೋಧರ್ಮವನ್ನೇ ವಸ್ತುವಾಗಿ ಹಿಡಿದ ಸಾಹಿತ್ಯ. ಹಾಗಂತ ವಿಜ್ಞಾನ ಕಾದಂಬರಿ ಬರೆಯುವವರು ಇದನ್ನು ಓದದೆ ಇರಬಾರದು. ಸೂಕ್ಷ್ಮವಾಗಿ ನೋಡುವುದು ಅಂದರೆ ಏನು ಅನ್ನುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಪುಸ್ತಕ ಕನ್ನಡದಲ್ಲಿ ಇನ್ನೊಂದು ನನಗೆ ಸಿಕ್ಕಿಲ್ಲ.

ಭೈರಪ್ಪನವರ 'ಯಾನ' ಬಾಹ್ಯಾಕಾಶದ ಕಥಿ. ಆದ್ರೂ ಯಾರೂ ಅದನ್ನ ಸೈ-ಫೈ ಅನ್ನೂದಿಲ್ಲ. ಯಾಕ?

ಲೇಖಕರ ಹೆಸರಿನಿಂದ. ಅಂಗಡಿಯವರು ಕಪಾಟು ಜೋಡಿಸುವುದು ಹೆಸರು ನೋಡಿ. 2014ರ ಈ ಕಾದಂಬರಿಯಲ್ಲಿ ನೌಕೆ ಸೌರಮಂಡಲವನ್ನೇ ದಾಟಿ ಹೋಗುತ್ತದೆ. ಅದರಲ್ಲೇ ಹುಟ್ಟಿದ ಮಕ್ಕಳು ಭೂಮಿಯನ್ನು ಕಂಡಿಲ್ಲ. ಸಮಾಜವೇ ಇಲ್ಲದ ಕಡೆ ನೀತಿ ಅಂದರೆ ಏನು, ಗಂಡು ಹೆಣ್ಣಿನ ಸಂಬಂಧಕ್ಕೆ ಯಾವ ಕಟ್ಟು ಅಂತ ಅದು ಕೇಳುತ್ತದೆ. ಈ ಪ್ರಶ್ನೆಗಳು ಭೂಮಿಯ ಮೇಲಿನ ಕಥೆಯಲ್ಲಿ ಈ ರೀತಿ ಹುಟ್ಟುತ್ತಲೇ ಇರಲಿಲ್ಲ. ಬದಲಾವಣೆಯೇ ಕಥೆಯನ್ನು ಎಳೆಯುತ್ತಿದೆ. ಯಾವ ಅಳತೆಯಿಂದ ನೋಡಿದರೂ ಅದು ವಿಜ್ಞಾನ ಕಾದಂಬರಿ.

ಮಾರ್ಗರೆಟ್ ಅಟ್‌ವುಡ್ 'ನಂದು ಸೈನ್ಸ್ ಫಿಕ್ಷನ್ ಅಲ್ಲ' ಅಂತಾರಂತ. ಇದೆಂಥಾ ಮಾತ್ರೀ?

ಕೆನಡಾದ ಈ ಕಾದಂಬರಿಕಾರ್ತಿಯ ವಾದಕ್ಕೆ ಒಂದು ನೆಲೆ ಇದೆ. 1985ರ 'ದಿ ಹ್ಯಾಂಡ್‌ಮೇಡ್ಸ್ ಟೇಲ್'ನಲ್ಲಿ ಮನುಷ್ಯರು ಎಲ್ಲೋ ಒಂದು ಕಡೆ, ಎಂದೋ ಒಮ್ಮೆ ಮಾಡದೇ ಇರುವ ಕ್ರೌರ್ಯವನ್ನು ತಾವು ಸೇರಿಸಿಲ್ಲ ಅಂತ ಅವರು ಹೇಳುತ್ತ ಬಂದಿದ್ದಾರೆ. ಅನ್ಯಗ್ರಹದ ಜೀವಿಗಳಂಥ ಸಂಗತಿಗಳನ್ನು ಒಂದು ಕಡೆ, ನಿಜವಾಗಿ ನಡೆಯಬಹುದಾದ್ದನ್ನು ಇನ್ನೊಂದು ಕಡೆ ಇಡುತ್ತಾರೆ. ಆದರೆ ವಿಜ್ಞಾನ ಕಾದಂಬರಿಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ 1987ರಲ್ಲಿ ಶುರುವಾದಾಗ ಮೊದಲು ಸಿಕ್ಕಿದ್ದು ಅದೇ ಪುಸ್ತಕಕ್ಕೆ! ಅಮೆರಿಕದ ವಿಜ್ಞಾನ ಕಾದಂಬರಿಕಾರ್ತಿ ಉರ್ಸುಲಾ ಲೆಗ್ವಿನ್ 2009ರಲ್ಲಿ ಇದಕ್ಕೆ ಖಡಕ್ಕಾಗಿ ತಕರಾರು ತೆಗೆದರು. ಸಾಹಿತ್ಯದ ಪಂಕ್ತಿಯಿಂದ ಎಬ್ಬಿಸಿಬಿಡುತ್ತಾರೆ ಎನ್ನುವ ಅಂಜಿಕೆಯಿಂದ ಮಾಡಿಕೊಂಡ ವ್ಯಾಖ್ಯೆ ಇದು ಅನ್ನುವ ಅರ್ಥದಲ್ಲಿ.

ನಾನು ಲೆಗ್ವಿನ್ ಕಡೆ. ಬ್ರಿಟಿಷ್ ಕಾದಂಬರಿಕಾರ್ತಿ ಡೋರಿಸ್ ಲೆಸಿಂಗ್ ಅವರನ್ನು ನೋಡಿ. 1987ರ ವಿಶ್ವ ವಿಜ್ಞಾನ ಕಾದಂಬರಿ ಸಮಾವೇಶಕ್ಕೆ ಅತಿಥಿಯಾಗಿ ಹೋದರು, ತಮ್ಮ ಬಾಹ್ಯಾಕಾಶದ ಕಾದಂಬರಿಗಳನ್ನು ಎಂದೂ ಮುಚ್ಚಿಡಲಿಲ್ಲ. 2007ರಲ್ಲಿ ನೊಬೆಲ್ ಬಂತು.

ಕಥಿಯಾಗ ಕಾಲ ಹಿಂದ ಮುಂದ ಆದ್ರ ಅದು ಟೈಮ್ ಟ್ರಾವೆಲ್ ಅಲ್ಲೇನ್ರೀ?

ಅಲ್ಲ, ಅದು ಹೇಳುವ ಬಗೆ. ನಮ್ಮ ಮುಧೋಳದ ರನ್ನ ಹತ್ತನೇ ಶತಮಾನದಲ್ಲೇ ಇದನ್ನು ಮಾಡಿ ತೋರಿಸಿದ. 'ಗದಾಯುದ್ಧ'ದಲ್ಲಿ ಭೀಮ ದುರ್ಯೋಧನರ ಕೊನೆಯ ಕಾಳಗವನ್ನು ಹಿಡಿದು, ಸಿಂಹಾವಲೋಕನ ಕ್ರಮದಿಂದ ಇಡೀ ಮಹಾಭಾರತವನ್ನು ಹಿಂದಿರುಗಿ ನೋಡಿದ. ಅಲ್ಲಿ ಹಿಂದಕ್ಕೆ ಹೋಗುವುದು ಕಥನ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ 'ದಿ ಟೈಮ್ ಮಷೀನ್'ನಲ್ಲಿ ಕಾಲ ದಾಟುವುದು ಮನುಷ್ಯನ ಮೈ.

ಸೈನ್ಸ್ ಫಿಕ್ಷನ್ ಅಂದ್ರ ಎರಡನೇ ದರ್ಜೆ ಸಾಹಿತ್ಯ ಅಂತ ನಮ್ಮ ಮೇಷ್ಟ್ರು ಹೇಳಿದ್ರು. ಖರೇನಾ?

ಈ ಅಭಿಪ್ರಾಯ ಎಲ್ಲಿಂದ ಬಂತು ಅಂತ ಹೇಳಬಲ್ಲೆ. ಅಮೆರಿಕದಲ್ಲಿ 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಶುರು ಮಾಡಿದ. ಅಗ್ಗದ ಕಾಗದ, ಕಣ್ಣು ಕುಕ್ಕುವ ಮುಖಪುಟ, ಅವಸರದ ಬರಹ. ಅಲ್ಲಿಂದ ಈ ಪ್ರಕಾರಕ್ಕೆ ಓದುಗರೂ ಸಿಕ್ಕರು, ಕೆಟ್ಟ ಹೆಸರೂ ಬಂತು. ಅದಕ್ಕೂ ಮೊದಲು ವೆಲ್ಸ್ ಬರೆಯುತ್ತಿದ್ದಾಗ ಅವನನ್ನು ಬೇರೆ ಕಪಾಟಿಗೆ ಯಾರೂ ತಳ್ಳಿರಲಿಲ್ಲ. ನಮ್ಮಲ್ಲೂ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ ಪತ್ತೇದಾರಿಯ ಪಕ್ಕದಲ್ಲಿ ಇಟ್ಟದ್ದನ್ನೆಲ್ಲ ಕಾಲೇಜುಗಳು ಹಗುರವಾಗಿ ನೋಡಿದವು.

ಇದಕ್ಕೆ ಉತ್ತರ ಬೇಕಿದ್ದರೆ ಅಮಿತಾವ್ ಘೋಷ್ ಅವರ ಹೆಸರು ಸಾಕು. ಮಲೇರಿಯಾ ಸಂಶೋಧನೆಯ ಸುತ್ತ ಬರೆದ 'ದಿ ಕಲ್ಕತ್ತಾ ಕ್ರೋಮೋಸೋಮ್'ಗೆ ವಿಜ್ಞಾನ ಕಾದಂಬರಿಗೆ ಕೊಡುವ ಕ್ಲಾರ್ಕ್ ಪ್ರಶಸ್ತಿ 1997ರಲ್ಲಿ ಬಂತು. ಅದೇ ಘೋಷ್ ಅವರಿಗೆ 2018ರ ಜ್ಞಾನಪೀಠ.

## ಇನ್ನಷ್ಟು ಒಳಗೆ

ವಿಮರ್ಶಕರು ಈ ಗಡಿಯನ್ನ ಹೆಂಗ ಗುರುತಿಸ್ತಾರ?

ಹೆಚ್ಚು ಬಳಕೆಯಲ್ಲಿರುವುದು ಡಾರ್ಕೊ ಸುವಿನ್ 1970ರ ದಶಕದಲ್ಲಿ ಕೊಟ್ಟ ಅಳತೆ. ಎರಡು ಗುಣ ಕೂಡಿರಬೇಕು ಅನ್ನುತ್ತಾನೆ. ಒಂದು, ನಮಗೆ ಗೊತ್ತಿರುವ ಲೋಕ ಅಪರಿಚಿತ ಅನ್ನಿಸಬೇಕು. ಎರಡು, ಆ ಅಪರಿಚಿತತೆ ಬುದ್ಧಿಗೆ ನಿಲುಕುವ ಕಾರಣದಿಂದ ಬಂದಿರಬೇಕು.

ಮೊದಲ ಗುಣ ನಮಗೆ ಹೊಸದಲ್ಲ. ಅಲ್ಲಮನ ಬೆಡಗಿನ ವಚನ ಓದಿದವರಿಗೆ ಕಂಡ ಲೋಕವೇ ಕಾಣದಂತಾಗುವುದು ಗೊತ್ತು. ಆ ವಚನಗಳನ್ನು ಹಳ್ಳಿ ಹಳ್ಳಿ ಸುತ್ತಿ, ತಾಳೆಗರಿ ಕೂಡಿಸಿ, ಫ.ಗು. ಹಳಕಟ್ಟಿಯವರು ಅಚ್ಚು ಹಾಕಿದ್ದು ನಮ್ಮ ವಿಜಯಪುರದಿಂದಲೇ. ಆದರೆ ಬೆಡಗು ಕಾರಣ ಕೊಡುವುದಿಲ್ಲ, ಅನುಭಾವಕ್ಕೆ ಕರೆಯುತ್ತದೆ. ಸುವಿನ್ ಹೇಳಿದ ಎರಡನೇ ಗುಣ ಅಲ್ಲಿಲ್ಲ.

ಈ ಅಳತೆಯಲ್ಲಿ ನನಗೊಂದು ಕೊರತೆ ಕಾಣುತ್ತದೆ. ಬ್ರಿಟಿಷ್ ಕಾದಂಬರಿಕಾರ ಕಜುವೊ ಇಶಿಗುರೊ ಅವರ 2005ರ 'ನೆವರ್ ಲೆಟ್ ಮಿ ಗೋ'ದಲ್ಲಿ ಅಂಗಾಂಗ ದಾನಕ್ಕೆಂದೇ ಬೆಳೆಸಿದ ತದ್ರೂಪಿ ಮಕ್ಕಳಿದ್ದಾರೆ. ಅವರನ್ನು ಹೇಗೆ ತಯಾರಿಸಿದರು ಎನ್ನುವುದಕ್ಕೆ ವಿವರವೇ ಇಲ್ಲ. ಕಾದಂಬರಿಗೆ ಅದು ಬೇಕಿಲ್ಲ. ಅದು ನೋಡುವುದು ಆ ಮಕ್ಕಳು ತಮ್ಮ ಹಣೆಬರಹವನ್ನು ಎಷ್ಟು ಮೆತ್ತಗೆ ಒಪ್ಪಿಕೊಂಡರು ಅನ್ನುವುದನ್ನು. ಬುಕರ್ ಕಿರುಪಟ್ಟಿಗೂ ಬಂತು, ಕ್ಲಾರ್ಕ್ ಕಿರುಪಟ್ಟಿಗೂ ಬಂತು. ಕಾರಣ ಎಷ್ಟಿರಬೇಕು ಅಂತ ಸುವಿನ್ ಅಳತೆಗೋಲು ಹೇಳುವುದಿಲ್ಲ.

ಫ್ಯಾಂಟಸಿ, ಸೈನ್ಸ್ ಫಿಕ್ಷನ್, ಸಾಹಿತ್ಯ. ಒಂದೇ ಕಥಿ ಇಟ್ಕೊಂಡು ಮೂರನ್ನೂ ತೋರಿಸ್ರಿ ನೋಡೋಣ.

ಗೋಳಗುಮ್ಮಟಕ್ಕೆ ಹೋಗೋಣ. ಸುಮಾರು 44 ಮೀಟರ್ ಅಗಲದ ಗುಮ್ಮಟ. ಮೇಲಿನ ಮೊಗಸಾಲೆಯಲ್ಲಿ ಒಂದು ಬದಿ ಪಿಸುಗುಟ್ಟಿದರೆ ಎದುರು ಬದಿ ಕೇಳುತ್ತದೆ. ಒಬ್ಬ ಕಾವಲುಗಾರನಿಗೆ ಒಂದು ರಾತ್ರಿ ಅಲ್ಲಿ ಹಳೆಯ ಕಾಲದ ಪಿಸುಮಾತು ಕೇಳಿಸುತ್ತದೆ. 1656ರದ್ದು, ಮೊಹಮ್ಮದ್ ಆದಿಲ್‌ಶಾಹ ತೀರಿಕೊಂಡ ವರ್ಷದ್ದು.

ಆತ್ಮ ಮಾತಾಡಿತು ಅಂದರೆ ಫ್ಯಾಂಟಸಿ. ಅಲ್ಲಿಗೆ ಮುಗಿಯಿತು, ಯಾರೂ ಕಾರಣ ಕೇಳುವುದಿಲ್ಲ.

ವಿಜ್ಞಾನ ಕಾದಂಬರಿಯಲ್ಲಿ ನಿಮಗೆ ಕಷ್ಟ ಇದೆ. ಶಬ್ದ ಪ್ರತಿ ಸಲ ಗೋಡೆಗೆ ಬಡಿದಾಗಲೂ ಅದರ ಶಕ್ತಿ ಸ್ವಲ್ಪ ಸ್ವಲ್ಪ ಶಾಖವಾಗಿ ಹೋಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಸಾಯುತ್ತದೆ. ಹಾಗಾಗಿ ಅದು ಗಾಳಿಯಲ್ಲಿ ಉಳಿದಿರಲು ಸಾಧ್ಯವಿಲ್ಲ, ಬೇರೆ ಎಲ್ಲೋ ದಾಖಲಾಗಿರಬೇಕು. ಹಸಿ ಗಾರೆಯ ಮೇಲೆ ಯಾರೋ ಕಡ್ಡಿ ಎಳೆಯುತ್ತಿದ್ದಾಗ ಮಾತಿನ ಕಂಪನ ಗೆರೆಯಾಗಿ ಉಳಿಯಿತೇ? ಅದನ್ನು ಓದಿದವರು ಯಾರು, ಯಾವ ಉಪಕರಣದಿಂದ? ಆಮೇಲೆ ನಿಜವಾದ ಪ್ರಶ್ನೆ ಬರುತ್ತದೆ. ಗೋಡೆಗಳೆಲ್ಲ ಮಾತು ಹಿಡಿದಿಟ್ಟಿವೆ ಅಂತ ಗೊತ್ತಾದರೆ ಹಳೇ ವಾಡೆಗಳನ್ನು ಯಾರು ಕೊಳ್ಳುತ್ತಾರೆ? ಯಾವ ಮನೆತನ ತನ್ನ ಗೋಡೆ ಕೆಡವಿಸುತ್ತದೆ?

ಮೂರನೆಯದರಲ್ಲಿ ಪಿಸುಮಾತು ನಿಜವೋ ಭ್ರಮೆಯೋ ಅನ್ನುವುದೇ ಗೌಣ. ಹೆಂಡತಿ ತೀರಿಕೊಂಡ ಮೇಲೆ ಆ ಕಾವಲುಗಾರ ಯಾರ ಜೊತೆಗೂ ಮಾತಾಡಿಲ್ಲ. ಈಗ ಅವನು ರಾತ್ರಿ ಪಾಳಿಯನ್ನೇ ಕೇಳಿ ಪಡೆಯುತ್ತಾನೆ. ಅಷ್ಟು ಸಾಕು.

ಒಳ್ಳೆಯ ಬರಹಗಾರ ಎರಡನೆಯದರೊಳಗೆ ಮೂರನೆಯದನ್ನು ತರಬಲ್ಲ. ನಾನು ಕಾಯುತ್ತಿರುವುದು ಅಂಥ ಕಥೆಗೆ.

ಮುಳುಗಡೆ ಬಗ್ಗೆ ಬರದ್ರ ಅದು ಸೈನ್ಸ್ ಫಿಕ್ಷನ್ ಹೆಂಗ ಆಕ್ಕೈತ್ರೀ? ಅದು ನಮ್ಮ ಬದುಕು.

ಈ ಪ್ರಶ್ನೆಗೆ ಉದ್ದನೆಯ ಉತ್ತರ ಬೇಕು. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ನೀರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಬಾಗಲಕೋಟೆಯ ಯಾವ ಓಣಿ ಹೋಗುತ್ತದೆ, ಯಾವುದು ಉಳಿಯುತ್ತದೆ ಅನ್ನುವುದು ನಕ್ಷೆಯ ಮೇಲೆ ಗೆರೆಯಾಗಿ ಕೂತಿತ್ತು. ಗೋಡೆ ಬಿದ್ದರೆ ಕಟ್ಟಬೇಕೋ ಬಿಡಬೇಕೋ? ಮುಳುಗುವ ಊರಿಗೆ ಹೆಣ್ಣು ಕೊಡಬೇಕೋ ಬೇಡವೋ? ಇಲ್ಲಿನ ಜನ ತಮ್ಮ ನಾಳೆಯನ್ನು ಸಮುದ್ರಮಟ್ಟದಿಂದ ಇಷ್ಟು ಮೀಟರ್ ಅನ್ನುವ ಲೆಕ್ಕದಲ್ಲಿ ನೋಡುತ್ತ ದಶಕಗಟ್ಟಲೆ ಬದುಕಿದರು. ಆಮೇಲೆ ಸೆಕ್ಟರ್ ನಂಬರಿನ ನವನಗರ ಬಂತು. ಓಣಿಯ ಹೆಸರಿದ್ದ ಕಡೆ ಅಂಕಿ ಬಂತು.

ಈಗಲೂ ಮುಗಿದಿಲ್ಲ. ಜಲಾಶಯದ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ಎರಡನೇ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ನಡುವಿನ ಆ ನಾಲ್ಕೂವರೆ ಮೀಟರ್ ಮೇಲ್ಪಟ್ಟ ಅಂತರದಲ್ಲಿ ಇನ್ನೂ ಎಷ್ಟೋ ಊರುಗಳಿವೆ. ಅಲ್ಲಿನವರಿಗೆ ಭವಿಷ್ಯ ಕಲ್ಪನೆಯಲ್ಲ, ನೋಟಿಸು.

ನವನಗರದ ಮನೆಯಲ್ಲಿ ಕೂತ ಅಜ್ಜಿ ಹಳೇ ಊರಿನ ಕಟ್ಟೆ ನೆನೆಯುವ ಕಥೆ ಬರೆದರೆ ಅದು ಸಾಹಿತ್ಯ, ಯಾರೂ ಜಗಳ ತೆಗೆಯುವುದಿಲ್ಲ. ಇನ್ನೊಂದು ಬಗೆ ನೋಡಿ. ಜಲಾಶಯಗಳಲ್ಲಿ ಹೂಳು ತುಂಬುವುದು ನಿಜ. ತುಂಗಭದ್ರೆಯ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿರುವುದು ಹೂಳಿನಿಂದಲೇ. ಮುಂದೊಂದು ಕಾಲಕ್ಕೆ ಆಲಮಟ್ಟಿಯೂ ಹೂಳು ತುಂಬಿ ನಿಂತಿದೆ, ಗೇಟು ತೆಗೆದು ನೀರು ಬಿಟ್ಟಿದ್ದಾರೆ, ಹಳೇ ಓಣಿಗಳು ಮೇಲೆ ಬಂದಿವೆ ಎಂದುಕೊಳ್ಳಿ. ಪರಿಹಾರ ತೆಗೆದುಕೊಂಡಾಗಿದೆ, ಭೂಮಿ ಸರ್ಕಾರದ್ದು. ಆದರೆ ಮೊಮ್ಮಗಳು ಅಜ್ಜಿ ಹೇಳಿದ ಗುರುತು ಹಿಡಿದು ಹೊಸ್ತಿಲು ಹುಡುಕುತ್ತಿದ್ದಾಳೆ. ಹೂಳು ಫಲವತ್ತು, ಅದಕ್ಕಾಗಿ ಬಡಿದಾಟ ಶುರುವಾಗಿದೆ. ಇದರಲ್ಲಿ ಕಾರಣ ಇದೆ, ಲೆಕ್ಕ ಇದೆ, ನಾಳೆ ಇದೆ. ಅಜ್ಜಿಯ ನೋವೂ ಇದೆ. ಇದನ್ನು ಯಾವ ಕಪಾಟಿನಲ್ಲಿ ಇಡುತ್ತೀರಿ? ಕೃಷ್ಣೆಯ ದಂಡೆಯವರಿಗೆ ಈ ಎರಡು ಕಪಾಟುಗಳ ನಡುವಿನ ಗೋಡೆ ಬಹಳ ತೆಳುವು. ಇಲ್ಲಿ ಹುಟ್ಟಿದ ಬರಹಗಾರರು ಅದನ್ನು ಬಳಸಿಕೊಳ್ಳಲಿ ಎನ್ನುವುದು ನನ್ನ ದೊಡ್ಡ ಆಸೆ.

2019ರ ಪ್ರವಾಹ ನೋಡಿದ ಮ್ಯಾಲ ಕಾದಂಬರಿ ಓದೂದs ಸುಳ್ಳ ಅನಸ್ತದ. ಏನಂತೀರಿ?

ಆ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಒಟ್ಟಿಗೇ ಉಕ್ಕಿದ್ದನ್ನು ಬೆಳಗಾವಿ, ಬಾಗಲಕೋಟೆಯವರು ಮರೆಯುವುದಿಲ್ಲ. ನಿಮ್ಮ ಮಾತಿನಲ್ಲಿ ಹುರುಳಿದೆ. ಅಮಿತಾವ್ ಘೋಷ್ 2016ರ 'ದಿ ಗ್ರೇಟ್ ಡಿರೇಂಜ್‌ಮೆಂಟ್'ನಲ್ಲಿ ಇದನ್ನೇ ಹೇಳಿದರು. ಗಂಭೀರ ಕಾದಂಬರಿ ದಿನನಿತ್ಯದ, ನಂಬಬಹುದಾದ ಬದುಕಿನ ಮೇಲೆ ನಿಂತಿದೆ. ಭಾರೀ ಅನಾಹುತ ಬಂದರೆ ಅದು ಉತ್ಪ್ರೇಕ್ಷೆ ಅನ್ನಿಸಿ ಹೊರಗಿಡುತ್ತದೆ. ಹಾಗೆ ಹೊರಗಿಟ್ಟದ್ದೆಲ್ಲ ವಿಜ್ಞಾನ ಕಾದಂಬರಿಯ ಪಾಲಿಗೆ ಹೋಗುತ್ತದೆ. ಹವಾಮಾನ ಕೆಟ್ಟಿರುವ ಈ ಕಾಲದಲ್ಲಿ ಯಾವುದು ವಾಸ್ತವ ಅನ್ನುವುದನ್ನು ಗಂಭೀರ ಸಾಹಿತ್ಯವೇ ಮತ್ತೆ ಯೋಚಿಸಬೇಕು.

## ಬರೆಯುವವರಿಗೆ

ಕಥಿಯಾಗ ವಿಜ್ಞಾನ ಎಷ್ಟರ ಮಟ್ಟಿಗೆ ಸರಿ ಇರಬೇಕು?

ಜೂಲ್ಸ್ ವೆರ್ನ್ 1865ರಲ್ಲಿ ತೋಪಿನಿಂದ ಹಾರಿಸಿ ಮನುಷ್ಯರನ್ನು ಚಂದ್ರನತ್ತ ಕಳಿಸಿದ. ವೆಲ್ಸ್ 1901ರಲ್ಲಿ ಗುರುತ್ವವನ್ನೇ ತಡೆಯುವ ಒಂದು ವಸ್ತು ಕಲ್ಪಿಸಿದ. ಅಂಥ ವಸ್ತು ಎಲ್ಲಿದೆ ತೋರಿಸಲಿ ಅಂತ ವೆರ್ನ್ ಸಿಟ್ಟಾದ. ಲೆಕ್ಕ ಹಾಕಿದರೆ ವೆರ್ನ್‌ನ ತೋಪು ಹಾರಿದ ಕ್ಷಣದಲ್ಲೇ ಒಳಗಿದ್ದವರು ಅಪ್ಪಚ್ಚಿ! ಇಬ್ಬರ ಕಥೆಯೂ ಇನ್ನೂ ಬದುಕಿದೆ.

ಒಂದು ಸುಳ್ಳಿಗೆ ಓದುಗರು ಅನುಮತಿ ಕೊಡುತ್ತಾರೆ. ಎರಡನೆಯದಕ್ಕೆ ಕೊಡುವುದಿಲ್ಲ. ನಿಮ್ಮ ಒಂದು ಸುಳ್ಳನ್ನು ಮೊದಲ ಪುಟಗಳಲ್ಲೇ ಹೇಳಿ, ಉಳಿದದ್ದನ್ನು ಸರಿಯಾಗಿ ತಿಳಿದು ಬರೆಯಿರಿ. ಪಕ್ಕದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರ. 1977ರಲ್ಲಿ ಹೊರಟ ವೊಯೇಜರ್ 1ರ ವೇಗದಲ್ಲಿ ಅಷ್ಟು ದೂರಕ್ಕೆ 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ನಿಮ್ಮ ನಾಯಕ ವಾರದಲ್ಲಿ ಹೋಗಿ ಬಂದರೆ, ಹೇಗೆ ಅಂತ ಒಂದು ಮಾತು ಹೇಳಲೇಬೇಕು.

ನಮ್ಮ ಜವಾರಿ ಭಾಷಾದಾಗ ಸೈನ್ಸ್ ಫಿಕ್ಷನ್ ಬರದ್ರ ಜನ ನಕ್ಕಾರಲ್ಲ?

ನಗುವುದಿಲ್ಲ. ನಮ್ಮ ರೈತರ ಮಾತು ಕೇಳಿ. 'ಟಿಸಿ ಸುಟ್ಟೈತಿ', 'ತ್ರೀಫೇಸ್ ರಾತ್ರಿ ಕೊಡ್ತಾರ', 'ಡ್ರಿಪ್ ಬ್ಲಾಕ್ ಆಗೈತಿ'. ತಂತ್ರಜ್ಞಾನ ಈಗಾಗಲೇ ಈ ಭಾಷೆಯಲ್ಲಿ ಮಾತಾಡುತ್ತಿದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್ ವಿದ್ಯುತ್ ಸ್ಥಾವರ ನಿಂತಿದೆ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಜೋಳದ ಹೊಲದ ನಡುವೆ ಗಾಳಿ ಗಿರಣಿ ತಿರುಗುತ್ತಿವೆ. ಅಲ್ಲಿ ದುಡಿಯುವವರು ಶಿಷ್ಟ ಕನ್ನಡದಲ್ಲಿ ಜಗಳ ಆಡುವುದಿಲ್ಲ. ನಿಮ್ಮ ಪಾತ್ರಗಳೂ ಆಡುವುದು ಬೇಡ.

ಕಥಿ ಬರದೀನಿ. ಕಳಸೂದು ವಿಜ್ಞಾನ ಪತ್ರಿಕೆಗೋ, ಸಾಹಿತ್ಯ ಪತ್ರಿಕೆಗೋ?

ಕಥೆಯಿಂದ ವಿಜ್ಞಾನದ ವಿವರ ತೆಗೆದು ನೋಡಿ. ಏನೂ ಉಳಿಯದಿದ್ದರೆ ಎಲ್ಲಿಗೂ ಕಳಿಸಬೇಡಿ, ಪಾತ್ರಗಳ ಮೇಲೆ ಇನ್ನಷ್ಟು ಕೆಲಸ ಮಾಡಿ. ಕಥೆ ಒಂದಿಷ್ಟೂ ಅಲುಗದೆ ಹಾಗೇ ನಿಂತರೆ ವಿಜ್ಞಾನ ಅಲ್ಲಿ ಸುಮ್ನೆ ಅಲಂಕಾರಕ್ಕಿದೆ, ಅದನ್ನು ಕಿತ್ತು ಹಾಕಿ. ಎರಡೂ ಆಗದೆ ಕಥೆ ಅರ್ಧಕ್ಕೆ ಕುಸಿದರೆ ಸಾಹಿತ್ಯ ಪತ್ರಿಕೆಗೇ ಮೊದಲು ಕಳಿಸಿ. ಮಾಸಪತ್ರಿಕೆಗಳು, ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳು ಇವೆ. ಪದಮಿತಿ ನೋಡಿಕೊಳ್ಳಿ. ಮೇಲೆ 'ವೈಜ್ಞಾನಿಕ ಕಥೆ' ಅಂತ ಬರೆಯಬೇಡಿ. ಸಂಪಾದಕರು ಮೊದಲ ಪ್ಯಾರಾ ಓದಲಿ.